ಕಾಳ್ಗಿಚ್ಚೂ ಆಕಾಶಜಲವೂ

ದಾವವೆಂಬ ಶಬ್ದಕ್ಕೆ ಕಾಡೆಂದೂ ಕಾಡಿನ ಬೆಂಕಿಯೆಂದೂ ಎರಡು ಅರ್ಥಗಳುಂಟೆಂದು ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಹೇಳಿರುವನು. ದವಶಬ್ದಕ್ಕೂ ಹಾಗೆಯೇ. ಉರಿಯುವ ವಸ್ತುವಿಗೂ ಉರಿಸುವ ವಸ್ತುವಿಗೂ ಒಂದೇ ಹೆಸರು ಸಲ್ಲುವುದು ವಿಚಿತ್ರವೆಂದು ತೋರಬಹುದಾದರೂ, ಮಾಘಮಾಸ ಕಳೆದ ಮೇಲೆ ಎಲೆಯುದುರಿದ ಒಣಕಾಡನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಕನ್ನಡದ ಕಾಳ್ಗಿಚ್ಚಿನಲ್ಲಿಯಾದರೋ ಕಾಡೂ ಕಿಚ್ಚೂ ಬೇರೆಬೇರೆಯಾಗಿ ನಿಂತು ಸಮಾಸಗೊಂಡಿವೆ. ದಾವಣಗೆರೆಯೆಂಬ ಊರ ಹೆಸರಿಗೂ ಈ ದಾವಕ್ಕೂ ನಂಟನ್ನು ಕಲ್ಪಿಸುವುದು ಮಾತ್ರ ಸಲ್ಲದು. ಅಲ್ಲಿಯ ದಾವಣವನ್ನು ಜನರು ದನಕುದುರೆಗಳನ್ನು ಕಟ್ಟುವ ಹಗ್ಗದಿಂದಲೇ ವಿವರಿಸುತ್ತಾರೆ.

ಕಾಡಿನ ಬೆಂಕಿಯನ್ನು ಆಕಾಶದಿಂದ ನೀರು ಸುರಿದು ಆರಿಸಬಹುದೆ ಎಂಬ ಪ್ರಶ್ನೆಯು ವಿಮಾನಗಳ ಕಾಲದಲ್ಲಿ ಹುಟ್ಟಿದುದೆಂದು ಸಾಮಾನ್ಯವಾಗಿ ಭಾವಿಸಲ್ಪಡುತ್ತದೆ. ಆದರೆ ಕವಿಗಳು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿರುವರು; ಮತ್ತು ಅದಕ್ಕೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳನ್ನು ಕೊಟ್ಟಿರುವರು. ಕಾಳಿದಾಸನ ಮೇಘದೂತದಲ್ಲಿ ಆಮ್ರಕೂಟಪರ್ವತವು ತನ್ನ ಕಾಡಿನ ಉರಿಯನ್ನು ಮಳೆಗರೆದು ಆರಿಸಿದ ಮೇಘವನ್ನು ಕೃತಜ್ಞತೆಯಿಂದ ತಲೆಯ ಮೇಲೆ ಹೊತ್ತುಕೊಳ್ಳುವುದು. ಮುಂದೆ ಹಿಮಾಲಯದ ಪ್ರಸಂಗದಲ್ಲಿಯೂ ಗಾಳಿಯಿಂದ ಸರಲವೃಕ್ಷಗಳು ಒಂದಕ್ಕೊಂದು ಉಜ್ಜಿ ಕಿಚ್ಚೆದ್ದು ಚಮರೀಮೃಗಗಳ ಬಾಲದ ಕೂದಲು ಸುಡುತ್ತಿದ್ದರೆ ಸಾವಿರ ಧಾರೆಗಳಿಂದ ಅದನ್ನು ಶಮನಗೊಳಿಸೆಂದು ಯಕ್ಷನು ಮೇಘಕ್ಕೆ ಹೇಳುವನು. ಇಲ್ಲಿ ಮೇಲಿನ ನೀರಿಗೆ ಜಯವು ಸಿದ್ಧ.

ಖಾಂಡವದಹನದ ಕಥೆಯು ಇದಕ್ಕೆ ವ್ಯತಿರಿಕ್ತವಾಗಿದೆ. ಅಗ್ನಿಯು ಕೃಷ್ಣಾರ್ಜುನರ ನೆರವಿನಿಂದ ಖಾಂಡವವನವನ್ನು ಸುಡಲಾರಂಭಿಸಿದಾಗ, ತನ್ನ ಮಿತ್ರನಾದ ತಕ್ಷಕನ ನೆಲೆಯನ್ನು ಉಳಿಸುವುದಕ್ಕಾಗಿ ಇಂದ್ರನು ಮೋಡಗಳನ್ನು ಕವಿಸಿ ಮಳೆಗರೆದನು. ಪಂಪನು ಈ ಪ್ರಸಂಗವನ್ನು ವಿಕ್ರಮಾರ್ಜುನವಿಜಯದಲ್ಲಿ ವಿಸ್ತರಿಸಿರುವನು, ಕುಮಾರವ್ಯಾಸನೂ ಬಿಟ್ಟಿಲ್ಲ. ಅರ್ಜುನನು ಬಾಣಗಳ ಚಪ್ಪರವನ್ನು ಕಟ್ಟಿ ಮಳೆಯನ್ನು ತಡೆದನೆಂಬ ಭಾಗವು ಎಲ್ಲರ ನೆನಪಿನಲ್ಲಿಯೂ ಇರುವುದು. ಆದರೆ ಮೂಲಭಾರತದ ಆದಿಪರ್ವದಲ್ಲಿ ಅದಕ್ಕೂ ಮೊದಲು ಒಂದು ಮಾತುಂಟು: ಇಂದ್ರನು ಮೊದಲು ಸುರಿಸಿದ ಧಾರೆಗಳು ಬೆಂಕಿಯ ತಾಪದಿಂದ ಆಕಾಶದಲ್ಲಿಯೇ ಒಣಗಿಹೋದವು, ಒಂದಾದರೂ ಅಗ್ನಿಯನ್ನು ಮುಟ್ಟಲಿಲ್ಲ ಎಂದು. ವ್ಯಾಖ್ಯಾನಕಾರರು ಇದನ್ನು ಅತಿಶಯೋಕ್ತಿಯೆಂದು ತಿಳಿಯಬಹುದು. ಕಳೆದ ಒಂದು ಶತಮಾನದ ವೃತ್ತಾಂತವನ್ನು ನೋಡಿದರೆ ಇದು ಸ್ವಭಾವೋಕ್ತಿಗೆ ಹತ್ತಿರವಾದುದೆಂದೇ ತೋರುತ್ತದೆ.

ರಾಜನೀತಿಯ ಗ್ರಂಥಗಳಲ್ಲಿ ಆಕಾಶಜಲದ ಮಾತಿಲ್ಲ. ಅಲ್ಲಿ ಇರುವುದು ನಿಷೇಧ ಮತ್ತು ದಂಡ. ಅಶೋಕನ ಐದನೆಯ ಸ್ತಂಭಶಾಸನವು ನಿಷ್ಪ್ರಯೋಜನವಾಗಿಯಾಗಲಿ ಪ್ರಾಣಿಹಿಂಸೆಗಾಗಿಯಾಗಲಿ ಕಾಡನ್ನು ಸುಡಕೂಡದೆಂದು ವಿಧಿಸಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಇರುವುದು ಆತನ ಲಘುಶಾಸನಗಳಾದುದರಿಂದ ಈ ವಿಧಿಯು ಕನ್ನಡನಾಡಿನ ಆ ಕಲ್ಲುಗಳಲ್ಲಿ ಕಾಣದು. ಕೌಟಿಲ್ಯನಂತೂ ಗೋಮಾಳ, ಹೊಲ, ಕಣ, ಮನೆಗಳೊಡನೆ ಮರಮುಟ್ಟಿನ ಕಾಡನ್ನೂ ಆನೆಯ ಕಾಡನ್ನೂ ಎಣಿಸಿ, ಇವುಗಳಿಗೆ ಬೆಂಕಿಯಿಟ್ಟವನನ್ನು ಬೆಂಕಿಯಲ್ಲಿಯೇ ಸುಡಿಸಬೇಕೆಂದು ಕಠೋರವಾಗಿ ಹೇಳಿರುವನು. ಆನೆಯ ಕಾಡಿಗೆ ಅಷ್ಟು ಬೆಲೆಯಿದ್ದಿತು. ಮೈಸೂರು ಸೀಮೆಯ ದಕ್ಷಿಣದ ಅಂಚಿನಲ್ಲಿ ಆನೆಯ ಕಾಡೆಂಬ ಮಾತು ಇಂದಿಗೂ ಸಾರ್ಥಕವಾಗಿರುವುದರಿಂದ ಈ ವಿಷಯಕ್ಕೆ ಮುಂದೆ ಮರಳಬೇಕಾಗುವುದು.

ಮನುಷ್ಯನು ಕಾಳ್ಗಿಚ್ಚಿನ ಮೇಲೆ ಹಾರಿದ ಮೊದಲ ದಿನಗಳಲ್ಲಿ ಅವನ ಕೈಯಲ್ಲಿ ನೀರಿರಲಿಲ್ಲ; ಕಣ್ಣು ಮಾತ್ರವಿತ್ತು. ಮೊದಲ ಮಹಾಯುದ್ಧವು ಮುಗಿದು ಸೇನೆಯ ವಿಮಾನಗಳಿಗೂ ವೈಮಾನಿಕರಿಗೂ ಕೆಲಸವಿಲ್ಲದಿದ್ದಾಗ, 1919ರ ಬೇಸಗೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಕಾಡುಗಳ ಮೇಲೆ ಅವುಗಳನ್ನು ಕಾವಲಿಗಾಗಿ ಹಾರಿಸಲಾಯಿತು. ಹೊಗೆಯನ್ನು ಕಂಡ ವೈಮಾನಿಕನು ಅದನ್ನು ನೆಲದವರಿಗೆ ತಿಳಿಸುವ ಬಗೆಯೇ ದೊಡ್ಡ ತೊಡಕಾಗಿತ್ತು. ಚೀಟಿ ಬರೆದು ಕೆಳಗೆ ಎಸೆಯುವುದು, ಎಲ್ಲಿಯಾದರೂ ಇಳಿದು ಟೆಲಿಫೋನನ್ನು ಹುಡುಕುವುದು, ಕೊನೆಗೆ ಪಾರಿವಾಳದ ಕಾಲಿಗೆ ಸುದ್ದಿಯನ್ನು ಕಟ್ಟಿ ಬಿಡುವುದು, ಇವೇ ಉಪಾಯಗಳು. ಮನುಷ್ಯನ ಅತ್ಯಂತ ನೂತನವಾದ ವಾಹನವು ಅತ್ಯಂತ ಪ್ರಾಚೀನವಾದ ದೂತನನ್ನು ಆಶ್ರಯಿಸಬೇಕಾದ ಈ ಸಂಧಿಯನ್ನು ಕಾವ್ಯಜ್ಞರು ಮೆಚ್ಚದಿರಲಾರರು. ನಿಸ್ತಂತುವಾರ್ತೆಯ ಯಂತ್ರಗಳು ಬಂದ ಮೇಲೆ ಆ ತೊಡಕು ಕಳೆಯಿತು.

ಎರಡನೆಯ ಹೆಜ್ಜೆಯಲ್ಲಿ ವಿಮಾನವು ಮನುಷ್ಯರನ್ನು ಹೊತ್ತಿತು. 1940ರ ಜುಲೈ 12ರಂದು ಅಮೆರಿಕದ ಐಡಹೋ ಪ್ರಾಂತದಲ್ಲಿ ಇಬ್ಬರು ಆಳುಗಳು ಛತ್ರಿಗಳ ನೆರವಿನಿಂದ ವಿಮಾನದಿಂದ ಧುಮುಕಿ, ದಾರಿಯಿಲ್ಲದ ಬೆಟ್ಟದ ಮೇಲೆ ಹೊತ್ತಿದ ಬೆಂಕಿಯನ್ನು ಅದು ಚಿಕ್ಕದಾಗಿರುವಾಗಲೇ ಆರಿಸಿದರು. ಚಿಕ್ಕದಾಗಿರುವಾಗಲೇ ಎಂಬುದನ್ನು ಗಮನಿಸಬೇಕು. ನೆಲದ ದಾರಿಯಿಂದ ಎರಡು ದಿನ ನಡೆದು ತಲುಪುವಷ್ಟರಲ್ಲಿ ಊರಗಲವಾಗುವ ಉರಿಯನ್ನು ಅಂಗಳದಷ್ಟಿರುವಾಗ ಮುಟ್ಟುವುದೇ ಈ ಉಪಾಯದ ತಿರುಳು. ಒಂಬತ್ತು ವರ್ಷಗಳ ಬಳಿಕ, 1949ರ ಆಗಸ್ಟ್ 5ರಂದು ಮೊಂಟಾನಾ ಪ್ರಾಂತದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಇದೇ ಉಪಾಯದ ಇನ್ನೊಂದು ಮುಖವು ಕಂಡಿತು. ಅಲ್ಲಿ ಇಳಿದ ತಂಡವನ್ನು ಒಣಹುಲ್ಲಿನ ಬೆಂಕಿಯು ಇಳಿಜಾರಿನ ಕೆಳಗಿನಿಂದ ಅಟ್ಟಿಸಿಕೊಂಡು ಬಂದು ಹದಿಮೂರು ಮಂದಿಯನ್ನು ಬಲಿಗೊಂಡಿತು. ತಂಡದ ನಾಯಕನು ಓಡದೆ ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಅದು ಉರಿದು ಬೂದಿಯಾದ ನೆಲದ ಮೇಲೆ ಬೋರಲಾಗಿ ಮಲಗಿ ಬದುಕಿದನು. ಉರಿದ ನೆಲವನ್ನು ಬೆಂಕಿಯು ಮತ್ತೆ ಉರಿಸಲಾರದೆಂಬ ಈ ತಿಳಿವು ಬಯಲುಸೀಮೆಯ ದನಗಾಹಿಗಳಿಗೆ ಹೊಸದಲ್ಲ. ಅವನ ಜೊತೆಯವರಿಗೆ ಮಾತ್ರ ಅದು ಆ ಗಳಿಗೆಯಲ್ಲಿ ಹುಚ್ಚೆಂದು ತೋರಿತು.

ನೀರು ಮೂರನೆಯದಾಗಿ ಬಂದಿತು. 1947ರಲ್ಲಿ ಯುದ್ಧವಿಮಾನಗಳಿಂದ ನೀರು ತುಂಬಿದ ತೊಟ್ಟಿಗಳನ್ನು ಬಾಂಬುಗಳಂತೆ ಬೀಳಿಸಿ ನೋಡಿದರು. ಕೆಳಗೆ ಕೆಲಸ ಮಾಡುವವರ ತಲೆಯ ಮೇಲೆ ತೊಟ್ಟಿ ಬಿದ್ದರೆ ಗತಿಯೇನೆಂಬುದನ್ನು ವಿವರಿಸಬೇಕಾದುದಿಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದ ವಿಲೋಸ್ ಎಂಬ ಊರಿನಲ್ಲಿ ಬೆಳೆಗೆ ಔಷಧ ಸಿಂಪಡಿಸುವ ಚಿಕ್ಕ ವಿಮಾನವೊಂದರ ಹೊಟ್ಟೆಗೆ ಬಾಗಿಲನ್ನಿಟ್ಟು ಸುಮಾರು 640 ಲೀಟರು ನೀರನ್ನು ಒಮ್ಮೆಗೇ ಬಿಡುವ ಏರ್ಪಾಡಾಯಿತು. ಇದು ಫಲಕಾರಿಯಾಯಿತು. 1967ರಲ್ಲಿ ಕೆನಡಾ ದೇಶದವರು ಹಾರಿಸಿದ ಹೊಸ ವಿಮಾನವು ಸರೋವರದ ಮೇಲ್ಮೈಯನ್ನು ಉಜ್ಜಿಕೊಂಡು ಹಾರುತ್ತ ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಐದು ಸಾವಿರ ಲೀಟರಿಗೂ ಮೀರಿದ ನೀರನ್ನು ಮೊಗೆದುಕೊಳ್ಳುವಂತಹದು. 1980ರ ದಶಕದ ಆದಿಯಲ್ಲಿ ಅದೇ ದೇಶದ ಡಾನ್ ಆರ್ನಿ ಎಂಬಾತನು ಹೆಲಿಕಾಪ್ಟರಿನ ಕೆಳಗೆ ತೂಗುಹಾಕುವ, ಮಡಿಸಿಡಬಹುದಾದ ದೊಡ್ಡ ಚೀಲದಂತಹ ಬಕೆಟನ್ನು ನಿರ್ಮಿಸಿದನು. ಇದನ್ನು ಕೆರೆಯಲ್ಲಿ ಅದ್ದಿ ಎತ್ತಿ, ಉರಿಯುವ ಸ್ಥಳಕ್ಕೆ ಒಯ್ದು, ತಳದ ಬಾಯನ್ನು ತೆರೆದರೆ ನೀರೆಲ್ಲವೂ ಒಮ್ಮೆಗೇ ಬೀಳುವುದು. ಏತದ ಬಾನಿಯನ್ನು ಕಂಡವರಿಗೆ ಇದರ ತತ್ತ್ವವು ತಿಳಿಯದಿರದು. ಬ್ಯಾಂಬಿ ಬಕೆಟ್ ಎಂಬ ಹೆಸರಿನ ಈ ಚೀಲವೇ ಕರ್ಣಾಟಕದ ಕಾಡಿಗೆ ಬಂದುದು.

ಬಂಡೀಪುರದ ಕಾಡಿನ ಒಂದು ಭಾಗವನ್ನು ಮೈಸೂರಿನ ಅರಸರು 1931ರಲ್ಲಿ ವೇಣುಗೋಪಾಲ ವನ್ಯಮೃಗವನವೆಂದು ಕಾಯ್ದಿಟ್ಟಿದ್ದರು. ಹಿಮವದ್ಗೋಪಾಲಸ್ವಾಮಿಯ ಬೆಟ್ಟವೇ ಆ ಹೆಸರಿಗೆ ಕಾರಣ. 1973ರಲ್ಲಿ ಹುಲಿಯೋಜನೆಯು ಆರಂಭವಾದಾಗ ಮೊದಲು ಆರಿಸಲ್ಪಟ್ಟ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಇದು ಬಹುಮಟ್ಟಿಗೆ ಎಲೆಯುದುರುವ ಕಾಡು. ಜನವರಿಯಿಂದ ಮೊದಲ ಮಳೆಯವರೆಗೆ ನೆಲದ ಮೇಲೆ ತರಗು ಹಾಸಿರುವುದು, ಅದರ ನಡುವೆ ಲಂಟಾನದ ಪೊದೆಗಳು ಆಳೆತ್ತರಕ್ಕೆ ಬೆಳೆದು ಒಣಗಿ ನಿಂತಿರುವುವು. ನಮ್ಮ ದೇಶದ ಇಂತಹ ಕಾಡುಗಳಲ್ಲಿ ಸಿಡಿಲಿನಿಂದ ಹುಟ್ಟುವ ಬೆಂಕಿ ಅಪೂರ್ವ. ಬೇಕೆಂದೋ ಅಜಾಗರೂಕತೆಯಿಂದಲೋ ಮನುಷ್ಯನ ಕೈಯಿಂದಲೇ ಪ್ರಾಯಶಃ ಎಲ್ಲವೂ ಹೊತ್ತುವುವು. ಆದುದರಿಂದ ಪ್ರತಿವರ್ಷವೂ ಚಳಿಗಾಲದ ಕೊನೆಗೆ ಅರಣ್ಯ ಇಲಾಖೆಯವರು ಬೆಂಕಿರೇಖೆಗಳನ್ನು ಕಡಿಸುತ್ತಾರೆ. ಅಂದರೆ ಕಾಡಿನೊಳಗೆ ಪಟ್ಟಿಪಟ್ಟಿಯಾಗಿ ಗಿಡಗಂಟಿ ತರಗುಗಳನ್ನು ತೆಗೆದು ಸುಟ್ಟು, ಬೆಂಕಿಯು ದಾಟದಂತೆ ಬರಿನೆಲವನ್ನು ಬಿಡುತ್ತಾರೆ. ಬೇಸಗೆಗಾಗಿ ದಿನಗೂಲಿಯ ಮೇಲೆ ಬೆಂಕಿಕಾವಲಿನವರನ್ನು ಇಡುತ್ತಾರೆ. ಇವರಲ್ಲಿ ಹೆಚ್ಚಿನವರು ಕಾಡಂಚಿನ ಹಾಡಿಗಳವರು, ಹಳ್ಳಿಗಳವರು. ಇವರ ಆಯುಧವು ಹಸಿರು ಸೊಪ್ಪಿನ ಕೊಂಬೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯನ್ನು ಆರಿಸಹೋದ ಅರಣ್ಯರಕ್ಷಕನೊಬ್ಬನು ಉರಿಯ ನಡುವೆ ಸಿಕ್ಕಿ ಪ್ರಾಣವನ್ನು ಬಿಟ್ಟನು. ಆ ದಿನ ಆಕಾಶದಲ್ಲಿ ಯಾವ ವಾಹನವೂ ಇರಲಿಲ್ಲ.

ಎರಡು ವರ್ಷಗಳ ಬಳಿಕ, 2019ರ ಫೆಬ್ರವರಿ 21ರ ಹೊತ್ತಿಗೆ ಅದೇ ಕಾಡಿನಲ್ಲಿ ಹೊತ್ತಿದ ಕಿಚ್ಚು ಗಾಳಿಯ ಬಲದಿಂದ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ವಲಯಗಳಿಗೆ ಹಬ್ಬಿತು. ಬೆಂಕಿರೇಖೆಗಳನ್ನೂ ರಸ್ತೆಗಳನ್ನೂ ಕಿಡಿಗಳು ಹಾರಿ ದಾಟಿದುವು. ಇಲಾಖೆಯವರ ಜೊತೆಗೆ ಮೈಸೂರು, ಬೆಂಗಳೂರುಗಳಿಂದ ಬಂದ ನೂರಾರು ಮಂದಿ ಸ್ವಯಂಸೇವಕರೂ ಸೊಪ್ಪು ಹಿಡಿದು ಬಡಿದರು. ಕಾಕತಾಳೀಯವೆಂಬಂತೆ, ಆ ತಿಂಗಳ 23ರಂದು ಬೆಂಗಳೂರಿನ ಯಲಹಂಕದಲ್ಲಿ ನಡೆಯುತ್ತಿದ್ದ ವಿಮಾನಪ್ರದರ್ಶನದ ವಾಹನನಿಲ್ದಾಣದ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಭಸ್ಮವಾದವು. ದೇಶವಿದೇಶಗಳ ವಿಮಾನಗಳು ನೆರೆದಿದ್ದ ಸ್ಥಳದಲ್ಲಿಯೇ ಹುಲ್ಲಿನ ಬೆಂಕಿಯು ತನ್ನ ಕೆಲಸವನ್ನು ಮುಗಿಸಿತು. ಕೆಲವು ನಿಮಿಷಗಳ ತಡವು ಏನನ್ನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಬಂಡೀಪುರಕ್ಕೆ ವಾಯುಸೇನೆಯ ಎರಡು ಎಂಐ-17 ಹೆಲಿಕಾಪ್ಟರುಗಳು ಕೊಯಮತ್ತೂರಿನ ಬಳಿಯ ಸೂಳೂರಿನಿಂದ ಬಂದುದು ಫೆಬ್ರವರಿ 25ರಂದು. ಅಷ್ಟರಲ್ಲಿ ಬೆಂಕಿಗೆ ನಾಲ್ಕು ದಿನಗಳ ವಯಸ್ಸಾಗಿದ್ದಿತು. ಅಂದು ಸುಮಾರು ಹತ್ತು ಸರದಿಗಳಲ್ಲಿ ಸುಮಾರು 30,000 ಲೀಟರು ನೀರು ಸುರಿಯಲ್ಪಟ್ಟಿತೆಂದು ವಾಯುಸೇನೆಯ ಪ್ರಕಟನೆಯಿಂದ ತಿಳಿಯುವುದು. ಕರ್ಣಾಟಕದ ಕಾಡಿನ ಚರಿತ್ರೆಯಲ್ಲಿ ಇದೊಂದು ಗಣ್ಯವಾದ ಸಂಗತಿ. ಬೆಂಕಿಯು ಮುಂದಿನ ದಿನಗಳಲ್ಲಿ ಹತೋಟಿಗೆ ಬಂದಿತು. ಪತ್ರಿಕೆಗಳಲ್ಲಿ ಹೆಲಿಕಾಪ್ಟರಿನ ಚಿತ್ರಗಳು ಬಂದುವು. ಬೆಂಕಿಯನ್ನು ಹೆಲಿಕಾಪ್ಟರೇ ಆರಿಸಿತೆಂಬ ಭಾವನೆಯು ಜನರಲ್ಲಿ ನೆಲೆಗೊಂಡಿತು. ಚರಿತ್ರಕಾರನು ಪರಿಶೀಲಿಸಬೇಕಾದುದು ಈ ಭಾವನೆಯನ್ನೇ.

ಲೆಕ್ಕವು ಕಠಿನವಾದುದಲ್ಲ. 30,000 ಲೀಟರೆಂದರೆ ಬೆಂಗಳೂರಿನ ಬೀದಿಗಳಲ್ಲಿ ನೀರು ಮಾರುವ ದೊಡ್ಡ ಟ್ಯಾಂಕರ್ ಲಾರಿಗಳಲ್ಲಿ ಮೂರು ಲಾರಿಯ ನೀರು. ಅದನ್ನು ಒಂದೇ ಹೆಕ್ಟೇರು ನೆಲದ ಮೇಲೆ ಹರಡಿದರೆ ಮೂರು ಮಿಲಿಮೀಟರಿನ ಮಳೆಯಾಗುವುದು; ಧೂಳನ್ನು ಅಡಗಿಸುವ ಒಂದು ತುಂತುರು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹಚಿತ್ರಗಳಿಂದ ಗಣಿಸಿದಂತೆ ಬಂಡೀಪುರವನ್ನೂ ಅದಕ್ಕೆ ತಾಗಿದ ಕಾಡುಗಳನ್ನೂ ಸೇರಿಸಿ ಸುಟ್ಟ ನೆಲವು 15,000 ಎಕರೆಗಳಿಗೂ ಮಿಗಿಲು, ಅಂದರೆ ಸುಮಾರು 6,000 ಹೆಕ್ಟೇರು. ಅಷ್ಟಕ್ಕೂ ಆ ನೀರನ್ನು ಹಂಚಿದರೆ ಒಂದು ಚದರ ಮೀಟರಿಗೆ ಅರ್ಧ ಮಿಲಿಲೀಟರು, ಹತ್ತು ಹನಿ. ಇನ್ನೊಂದು ಬಗೆಯಿಂದಲೂ ಎಣಿಸಬಹುದು. ಒಂದು ಕಿಲೋಗ್ರಾಮು ಒಣತರಗು ಉರಿದರೆ ಹೊರಬೀಳುವ ಶಾಖವು ಸುಮಾರು 18 ಮೆಗಾಜೂಲ್. ಒಂದು ಲೀಟರು ನೀರು ಕಾದು ಆವಿಯಾಗಿಹೋಗಲು ಬೇಕಾದುದು ಸುಮಾರು 2.6. ಎಂದರೆ ಒಂದು ಕಿಲೋ ತರಗಿನ ಶಾಖವು ಏಳು ಲೀಟರು ನೀರನ್ನು ಹೇಳಹೆಸರಿಲ್ಲದಂತೆ ಮಾಡಬಲ್ಲುದು. ಇಂದ್ರನ ಧಾರೆಗಳು ನಡುಗಗನದಲ್ಲಿಯೇ ಒಣಗಿದುವೆಂಬ ಮಾತು ಎಲ್ಲಿಂದ ಬಂದಿತೆಂದು ಈಗ ಕೇಳಬೇಕಾಗಿಲ್ಲ.

ಹಾಗಾದರೆ ಅಂದಿನ ಶ್ರಮವು ವ್ಯರ್ಥವಾಯಿತೆಂದು ಹೇಳುವುದೂ ನ್ಯಾಯವಲ್ಲ. ನೀರನ್ನು ಉರಿಯ ಮೇಲೆ ಸುರಿದು ಉರಿಯ ಶಾಖವನ್ನೆಲ್ಲ ಹೀರಿಸುವುದು ಬಲ್ಲವರ ಉದ್ದೇಶವಲ್ಲ. ಉರಿಯ ಮುಂದಿರುವ, ಇನ್ನೂ ಹೊತ್ತದಿರುವ ತರಗನ್ನು ತೋಯಿಸಿ ಬೆಂಕಿಯ ನಡೆಯನ್ನು ಕೆಲಹೊತ್ತು ನಿಧಾನಿಸುವುದು, ಆ ಬಿಡುವಿನಲ್ಲಿ ನೆಲದವರು ಅಲ್ಲಿಗೆ ಬಂದು ರೇಖೆಯನ್ನು ಕಡಿಯುವುದು, ಇದೇ ಕ್ರಮ. ಗೋಪಾಲಸ್ವಾಮಿ ಬೆಟ್ಟದ ಕಡಿದಾದ ಓರೆಗಳಲ್ಲಿ ಸೊಪ್ಪು ಹಿಡಿದು ಹತ್ತುವುದು ಮರಣವನ್ನು ಆಹ್ವಾನಿಸಿದಂತೆ. ಏಕೆಂದರೆ ಬೆಂಕಿಯು ಏರಿನಲ್ಲಿ ಇಳಿಜಾರಿಗಿಂತ ವೇಗವಾಗಿ ನಡೆಯುವುದು. ಅಂತಹ ಎಡೆಗೆ ನೀರನ್ನು ಮುಟ್ಟಿಸಬಲ್ಲ ದಾರಿಯು ಆಕಾಶವೊಂದೇ. 2020ರ ಡಿಸೆಂಬರಿನ ಕೊನೆಯಲ್ಲಿ ನಾಗಾಲ್ಯಾಂಡ್ ಮಣಿಪುರಗಳ ಗಡಿಯ ಜುಕೂ ಕಣಿವೆಯು ಹೊತ್ತಿದಾಗಲೂ, ರಸ್ತೆಯಿಲ್ಲದ ಆ ಎತ್ತರಕ್ಕೆ ಇದೇ ಬಗೆಯ ಹೆಲಿಕಾಪ್ಟರುಗಳನ್ನು ಕಳುಹಿಸಲಾಯಿತು. ಜನರನ್ನು ಹೊರತರುವುದರಲ್ಲಿಯೂ ಇವುಗಳ ಉಪಯೋಗವು ನಿರ್ವಿವಾದವಾದುದು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರು ಬೆಂಕಿಯ ನಡುವೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ಸೇನೆಯ ಹೆಲಿಕಾಪ್ಟರುಗಳು ನೆರವಿಗೆ ಬಂದಿದ್ದವು.

ಕಾಳಿದಾಸನ ಯಕ್ಷನು ಮೇಘಕ್ಕೆ ಒಪ್ಪಿಸಿದ ಕೆಲಸವನ್ನೂ ಇವು ಮಾಡಿವೆ. ಸರಲವೃಕ್ಷವೆಂದರೆ ಹಿಮಾಲಯದ ಚೀರ್ ಮರ. ಅದರ ಸೂಜಿಯಂತಹ ಎಲೆಗಳು ಅಂಟಿನಿಂದ ತುಂಬಿದ್ದು, ಉದುರಿ ಒಣಗಿದ ಮೇಲೆ ಕಿಡಿ ತಾಗಿದೊಡನೆ ಹೊತ್ತುವುವು. 2016ರಲ್ಲಿಯೂ 2024ರಲ್ಲಿಯೂ ಉತ್ತರಾಖಂಡದ ಈ ಕಾಡುಗಳು ಉರಿದಾಗ ಹೆಲಿಕಾಪ್ಟರುಗಳು ಭೀಮತಾಲದ ಸರೋವರದಿಂದ ನೀರನ್ನು ಮೊಗೆದು ಸುರಿದವು. ಮರಗಳ ಘರ್ಷಣೆಯಿಂದ ಬೆಂಕಿ ಹುಟ್ಟುವುದೆಂಬ ಕವಿಸಮಯವನ್ನು ಇಂದಿನವರು ಒಪ್ಪುವುದಿಲ್ಲವಾದರೂ ಮರದ ಆಯ್ಕೆಯಲ್ಲಿ ಕವಿಯು ತಪ್ಪಲಿಲ್ಲ. 2016ರಲ್ಲಿ ದಟ್ಟವಾದ ಹೊಗೆಯಿಂದ ಹಾರಾಟಕ್ಕೆ ಅಡ್ಡಿಯಾಯಿತು. ಬೆಂಕಿಯು ಉಗ್ರವಾದಷ್ಟೂ ಹೊಗೆಯು ದಟ್ಟವಾಗುವುದು. ಹೊಗೆಯು ದಟ್ಟವಾದಷ್ಟೂ ಹಾರುವುದು ದುಷ್ಕರವಾಗುವುದು. ಆಕಾಶದ ನೆರವು ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಅದು ದೊರಕದೆ ಹೋಗುವುದು ಈ ವಿದ್ಯೆಯ ಹುಟ್ಟುಗುಣ. ರಾತ್ರಿಯೂ ಹಾಗೆಯೇ. ಇರುಳಿನ ತಂಪಿನಲ್ಲಿ, ಇಬ್ಬನಿ ಬೀಳುವ ಬೆಳಗಿನ ಜಾವದಲ್ಲಿ ಬೆಂಕಿಯು ಕುಗ್ಗಿರುವುದು; ಆಗಲೇ ಆರಿಸುವುದು ಸುಲಭ. ಆ ಹೊತ್ತಿನಲ್ಲಿ ಹೆಲಿಕಾಪ್ಟರುಗಳು ಸಾಮಾನ್ಯವಾಗಿ ನೆಲದ ಮೇಲಿರುತ್ತವೆ, ಸೊಪ್ಪಿನವರು ಕಾಡಿನಲ್ಲಿರುತ್ತಾರೆ.

ಅಪಾಯಗಳಲ್ಲಿ ಮೊದಲನೆಯದು ವೈಮಾನಿಕರದು. 2002ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ವಾಕರ್ ಎಂಬಲ್ಲಿ ಬೆಂಕಿನಿರೋಧಕ ದ್ರವವನ್ನು ಸುರಿಯುತ್ತಿದ್ದ ಹಳೆಯ ಸೈನಿಕವಿಮಾನವೊಂದರ ರೆಕ್ಕೆಗಳು ಗಾಳಿಯಲ್ಲಿಯೇ ಕಳಚಿ ಮೂವರು ಸತ್ತರು. ಮರುತಿಂಗಳು ಕೊಲೊರಾಡೊದಲ್ಲಿ ಇನ್ನೊಂದು ವಿಮಾನಕ್ಕೂ ಅದೇ ಗತಿಯಾಗಿ ಇಬ್ಬರು ಸತ್ತರು. ಯುದ್ಧಕಾಲದ ಮುದಿವಿಮಾನಗಳನ್ನು ಈ ಕೆಲಸಕ್ಕೆ ದುಡಿಸುವ ಪದ್ಧತಿಯನ್ನು ಅಮೆರಿಕದವರು ಅನಂತರ ಪುನರ್ವಿಮರ್ಶಿಸಿದರು. 2020ರ ಜನವರಿ 23ರಂದು ಆಸ್ಟ್ರೇಲಿಯದಲ್ಲಿ ಮೂವರು, 2021ರ ಆಗಸ್ಟ್ 14ರಂದು ತುರ್ಕಿಯಲ್ಲಿ ರಷ್ಯದ ವಿಮಾನವೊಂದು ಬಿದ್ದು ಎಂಟು ಮಂದಿ, 2023ರ ಜುಲೈ 25ರಂದು ಗ್ರೀಸಿನ ಎವಿಯಾ ದ್ವೀಪದಲ್ಲಿ ಇಬ್ಬರು ವೈಮಾನಿಕರು ಈ ಕಾರ್ಯದಲ್ಲಿಯೇ ಮಡಿದರು. ತಗ್ಗಿನಲ್ಲಿ, ಬೆಟ್ಟಗಳ ನಡುವೆ, ಬೆಂಕಿಯಿಂದ ಕುದಿಯುವ ಗಾಳಿಯಲ್ಲಿ, ಹೊಗೆಯಲ್ಲಿ ಹಾರುವುದು ಯುದ್ಧದ ಹಾರಾಟಕ್ಕಿಂತ ಸುಲಭವಲ್ಲ.

ಕೆಳಗಿರುವವರಿಗೂ ಅಪಾಯವುಂಟು. ಮೂರು ಸಾವಿರ ಲೀಟರೆಂದರೆ ಮೂರು ಟನ್ನು. ಅದು ಒಮ್ಮೆಗೇ ಮರದ ಮೇಲೆ ಬಿದ್ದರೆ ಕೊಂಬೆಗಳು ಮುರಿಯುವುವು. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ವಿಮಾನವೊಂದು ಸುರಿದ ಬೆಂಕಿನಿರೋಧಕ ದ್ರವದ ಹೊಡೆತಕ್ಕೆ ಮರವು ಮುರಿದು ಬೆಂಕಿಯಾರಿಸುವವನೊಬ್ಬನು ಸತ್ತನು. ಹೆಲಿಕಾಪ್ಟರು ಬಹಳ ಕೆಳಗಿಳಿದರೆ ಅದರ ರೆಕ್ಕೆಗಳ ಗಾಳಿಯೇ ತಿದಿಯಂತಾಗಿ ಕೆಂಡವನ್ನು ಊದುವುದು. ಎತ್ತರದಲ್ಲಿ ನಿಂತರೆ ನೀರು ಚದರಿಹೋಗುವುದು. ಬೆಂಕಿನಿರೋಧಕ ದ್ರವಗಳಲ್ಲಿ ಅಮೋನಿಯಮ್ ಫಾಸ್ಫೇಟಿನ ಲವಣಗಳಿರುವುದರಿಂದ ಅವು ಹೊಳೆಗೆ ಬಿದ್ದರೆ ಮೀನುಗಳು ಸಾಯುತ್ತವೆ. ಈ ಕಾರಣದಿಂದಲೇ ಅಮೆರಿಕದ ಅರಣ್ಯ ಇಲಾಖೆಯವರು 2011ರಲ್ಲಿ ಹೊಳೆಕೆರೆಗಳಿಂದ 300 ಅಡಿಗಳೊಳಗೆ ಅವನ್ನು ಸುರಿಯಕೂಡದೆಂದು ನಿಯಮಿಸಿದರು. ಬಂಡೀಪುರದಲ್ಲಿ ಸುರಿದುದು ಬರಿಯ ನೀರಾದುದರಿಂದ ಈ ಭಯವು ಅಲ್ಲಿಗೆ ಸಲ್ಲದು. ಆದರೆ ನೀರಿನ ಬರವೇ ಅಲ್ಲಿಯ ಭಯ. ಮಾರ್ಚಿಯಲ್ಲಿ ಕಾಡಿನ ಕೆರೆಯೊಂದರಲ್ಲಿ ಉಳಿದ ನೀರನ್ನು ಆನೆ ಕಾಟಿಗಳೂ ನೆಚ್ಚಿಕೊಂಡಿರುತ್ತವೆ.

ಇವೆಲ್ಲಕ್ಕಿಂತ ಮಿಗಿಲಾದ ಅಪಾಯವು ಯಂತ್ರದಲ್ಲಿಲ್ಲ, ಯಂತ್ರದ ಮೇಲಿನ ನಂಬಿಕೆಯಲ್ಲಿದೆ. ಬೆಂಕಿ ಹೊತ್ತಿದರೆ ಹೆಲಿಕಾಪ್ಟರು ಬರುವುದೆಂಬ ಭರವಸೆಯು ಬಲವಾದಂತೆಲ್ಲ ಬೆಂಕಿರೇಖೆಯ ಕೆಲಸವೂ ದಿನಗೂಲಿಯವನ ಲೆಕ್ಕವೂ ಹಗುರವಾಗುವುವು. ಹೆಲಿಕಾಪ್ಟರಿನ ಒಂದು ಗಂಟೆಯ ಹಾರಾಟಕ್ಕೆ ತಗಲುವ ವೆಚ್ಚದಲ್ಲಿ ಎಷ್ಟು ಮಂದಿ ಕಾವಲಿನವರನ್ನು ಎಷ್ಟು ತಿಂಗಳು ಇಡಬಹುದೆಂಬ ಲೆಕ್ಕವನ್ನು ಆಯವ್ಯಯವನ್ನು ಸಿದ್ಧಪಡಿಸುವವರು ಮಾಡಿ ನೋಡುವುದು ಯುಕ್ತ. ಚಿತ್ರದಲ್ಲಿ ಕಾಣುವ ಕೆಲಸಕ್ಕೆ ಹಣವು ಬೇಗ ಮಂಜೂರಾಗುವುದು ಎಲ್ಲ ಕಾಲದ ಆಡಳಿತಗಳ ದೌರ್ಬಲ್ಯ.

ನೆಲದ ಮೇಲಿನ ವಿದ್ಯೆಯ ಚರಿತ್ರೆಯೂ ನಿರ್ದೋಷವಾದುದಲ್ಲ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆಯು 1864ರಲ್ಲಿ ಸ್ಥಾಪಿತವಾಯಿತು. ಅದೇ ಕಾಲದಲ್ಲಿ ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಎಂಬಾತನು ಕಾಡನ್ನು ಬೆಂಕಿಯಿಂದ ಸಂಪೂರ್ಣವಾಗಿ ಕಾಪಾಡುವ ಪ್ರಯೋಗವನ್ನು ಆರಂಭಿಸಿದನು. ಅದು ದೇಶದ ಕಾಡುಗಳಿಗೆಲ್ಲ ಮಾದರಿಯಾಯಿತು. ಬೆಂಕಿಯೆಂಬುದೇ ಅಪರಾಧವೆನಿಸಿತು. ಬರ್ಮಾ ದೇಶದ ತೇಗದ ಕಾಡುಗಳಲ್ಲಿ ಬೆಂಕಿಯನ್ನು ಪೂರ್ಣವಾಗಿ ತಡೆದರೆ ಎಳೆಯ ತೇಗವು ಮೇಲೇಳದೆಂದು ಕಂಡು, ಅಲ್ಲಿಯವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ಕಟ್ಟನ್ನು ಸಡಿಲಿಸಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗುಬೆಂಕಿ ಎಂಬ ರೂಢಿಯಿದ್ದಿತು. ಒಣಗಾಲದ ಮೊದಲಲ್ಲಿಯೇ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ತರಗಿಗೆ ಅವರು ತಗ್ಗಾದ ಬೆಂಕಿಯನ್ನಿಡುತ್ತಿದ್ದರು. ಅದು ಮೊಣಕಾಲೆತ್ತರವನ್ನು ಮೀರದೆ ಹರಿದು ಆರುತ್ತಿತ್ತು. ಚೈತ್ರದ ಉಗ್ರವಾದ ಕಿಚ್ಚಿಗೆ ಆಹಾರವನ್ನು ಉಳಿಸುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1974ರಲ್ಲಿ ಆ ಬೆಟ್ಟಗಳು ಅಭಯಾರಣ್ಯವಾದುದೂ ಈ ರೂಢಿಯನ್ನು ನಿಲ್ಲಿಸಿದುವು. ಅನಂತರ ಲಂಟಾನವು ಹಬ್ಬಿ ಕಾಡಿನ ಕೆಳಹಂತವನ್ನೆಲ್ಲ ತುಂಬಿತು. ತರಗುಬೆಂಕಿಯು ನಿಂತುದೇ ಲಂಟಾನದ ಹಬ್ಬುವಿಕೆಗೆ ಕಾರಣವೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಸಂಶೋಧಕರು ಈ ಮಾತನ್ನು ಗೌರವದಿಂದ ಪರಿಶೀಲಿಸಿರುವರಾದರೂ ಎಲ್ಲರೂ ಸಂಪೂರ್ಣವಾಗಿ ಒಪ್ಪಿದರೆಂದು ಹೇಳುವಂತಿಲ್ಲ. ಲಂಟಾನದ ಬೆಂಕಿಯು ನೆಲದಲ್ಲಿ ಹರಿಯದೆ ಕೊಂಬೆಗೆ ಏರುವುದೆಂಬುದರಲ್ಲಿ ಮಾತ್ರ ವಿವಾದವಿಲ್ಲ. ಮ್ಯಾನ್ ಗಲ್ಚಿನ ನಾಯಕನು ಪ್ರಾಣಸಂಕಟದಲ್ಲಿ ಕಂಡುಕೊಂಡುದನ್ನು ಸೋಲಿಗರು ವರ್ಷವರ್ಷವೂ ನಿಶ್ಚಿಂತೆಯಿಂದ ಆಚರಿಸುತ್ತಿದ್ದರು.

ಇನ್ನು ಆಕಾಶದ ಕಣ್ಣಿನ ಮಾತು. 1919ರ ಪಾರಿವಾಳದ ಸ್ಥಾನವನ್ನು ಈಗ ಉಪಗ್ರಹಗಳು ಪಡೆದಿವೆ. ದೆಹರಾದೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 2004ರಿಂದ ಉಪಗ್ರಹಗಳು ಗುರುತಿಸುವ ಬಿಸಿಯೆಡೆಗಳ ವಾರ್ತೆಯನ್ನು ರಾಜ್ಯಗಳ ಅರಣ್ಯಾಧಿಕಾರಿಗಳಿಗೆ ಮುಟ್ಟಿಸುತ್ತಿದೆ. ಉಪಗ್ರಹವು ದಿನಕ್ಕೆ ಕೆಲವು ಬಾರಿ ಮಾತ್ರ ತಲೆಯ ಮೇಲೆ ಹಾಯುವುದರಿಂದ ನಡುವೆ ಹೊತ್ತಿದುದು ಅದಕ್ಕೆ ತಡವಾಗಿ ಕಾಣುವುದುಂಟು. ಚಿಕ್ಕ ಬೆಂಕಿಯು ಕಾಣದೆಯೂ ಹೋಗುವುದು. ಆದರೂ ಆಕಾಶದಿಂದ ಈವರೆಗೆ ಬಂದ ನೆರವುಗಳಲ್ಲಿ ಮನುಷ್ಯಪ್ರಾಣವನ್ನು ಪಣಕ್ಕಿಡದೆ ಬೆಂಕಿಯು ಅಂಗಳದಷ್ಟಿರುವಾಗಲೇ ಮುಟ್ಟಲು ಅವಕಾಶ ಮಾಡಿಕೊಡುವುದು ಇದೊಂದೇ. ನೀರಿನ ಚಿತ್ರಗಳಿಗೆ ದೊರೆತ ಪ್ರಸಿದ್ಧಿಯು ಇದಕ್ಕೆ ದೊರೆತಿಲ್ಲ.

ಬಂಡೀಪುರಕ್ಕೆ ಸಂದ ಮಾತು ತುಂಗಭದ್ರೆಯ ಸೀಮೆಗೆ ಹೇಗೆ ಅನ್ವಯಿಸುವುದೆಂಬುದನ್ನು ನೋಡಬಹುದು. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯು ನದಿಯ ದಡದಲ್ಲಿರುವ ಗ್ರಾಮ. ಕರಿಬಸವೇಶ್ವರ ಅಜ್ಜಯ್ಯನವರ ಗದ್ದುಗೆಯಿಂದ ಪ್ರಸಿದ್ಧವಾಗಿದೆ. ಮಳೆಗಾಲದಲ್ಲಿ ಹೊಳೆಯು ಏರಿ ಅಲ್ಲಿಯ ಸೇತುವೆಯನ್ನು ಮುಳುಗಿಸುವುದುಂಟು. ಸುತ್ತಲೂ ನೀರಾವರಿಯ ಬತ್ತದ ಗದ್ದೆಗಳಿರುವುದರಿಂದ ಅಲ್ಲಿಯವರಿಗೆ ಭಯವು ನೀರಿನದೇ ಹೊರತು ಕಾಳ್ಗಿಚ್ಚಿನದಲ್ಲ. ಅದೇ ದಾವಣಗೆರೆ ಜಿಲ್ಲೆಯ ಇನ್ನೊಂದು ಕೊನೆಯಲ್ಲಿ, ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕುರುಚಲು ಕಾಡಿದೆ. ನಾಲ್ಕು ಕೊಂಬುಗಳುಳ್ಳ ಕೊಂಡುಕುರಿಯೆಂಬ ಅಪೂರ್ವ ಮೃಗಕ್ಕಾಗಿ 2011ರಲ್ಲಿ ಅದು ಅಭಯಾರಣ್ಯವಾಯಿತು. ನೀರಿರುವ ಕಡೆಯಲ್ಲಿ ಒಣಕಾಡಿಲ್ಲ. ಒಣಕಾಡಿರುವ ಕಡೆಯಲ್ಲಿ ನೀರಿಲ್ಲ. ಹೆಲಿಕಾಪ್ಟರಿನ ಬಕೆಟಿಗೆ ಬೆಂಕಿಯ ಸಮೀಪದಲ್ಲಿಯೇ ಆಳವಾದ ನೀರು ಬೇಕು. ಹೊಳೆಯಿಂದ ಜಿಲ್ಲೆಯಗಲ ಹಾರಿ ಒಂದು ಬಕೆಟನ್ನು ಸುರಿದು ಮರಳುವಷ್ಟರಲ್ಲಿ, ಕುರುಚಲಿನ ಹುಲ್ಲಿನ ಬೆಂಕಿಯು ತನ್ನ ಆಹಾರವನ್ನು ಮುಗಿಸಿ ಮುಂದಿನ ಗುಡ್ಡಕ್ಕೆ ಹೋಗಿರುವುದು. ಗದಗಿನ ಕಪ್ಪತಗುಡ್ಡಕ್ಕೂ ಚಿತ್ರದುರ್ಗದ ಜೋಗಿಮಟ್ಟಿಗೂ ಈ ಮಾತು ಸಲ್ಲುವುದು. ಅಲ್ಲಿಯೂ ಬೇಸಗೆಯ ಹುಲ್ಲು ಹೊತ್ತುವುದು ಹೊಸತಲ್ಲ.

ಉಕ್ಕಡವೆಂಬ ಪದಕ್ಕೆ ಹಳೆಯ ಕನ್ನಡದಲ್ಲಿ ಕಾವಲು, ಪಹರೆಯ ಠಾಣೆ ಎಂಬ ಅರ್ಥವುಂಟು. ಸುಂಕದ ಕಟ್ಟೆಗೂ ಅದು ಹೆಸರಾಗಿದ್ದಿತು. ಗ್ರಾಮನಾಮದ ನಿಷ್ಪತ್ತಿಯನ್ನು ಇಲ್ಲಿ ನಿರ್ಧರಿಸುವುದು ಉದ್ದೇಶವಲ್ಲ. ಕೋಟೆಯ ಹೊರಗೆ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತು, ಶತ್ರುವಿನ ಪಂಜು ದೂರದಲ್ಲಿ ಕಂಡೊಡನೆ ಒಳಗಿನವರಿಗೆ ಸುದ್ದಿ ಮುಟ್ಟಿಸುವವರನ್ನು ಉಕ್ಕಡದವರೆಂದು ಕರೆಯುತ್ತಿದ್ದರು. ಇಂದು ಬಂಡೀಪುರದ ಕಾವಲುಗೋಪುರಗಳಲ್ಲಿಯೂ ರಂಗಯ್ಯನದುರ್ಗದ ಗುಡ್ಡಗಳ ಮೇಲೂ ಫಾಲ್ಗುಣದ ಬಿಸಿಲಿನಲ್ಲಿ ಹೊಗೆಯ ಎಳೆಯನ್ನು ಹುಡುಕುತ್ತ ಕುಳಿತಿರುವ ದಿನಗೂಲಿಯ ಕಾವಲಿನವರಿಗೆ ಇಲಾಖೆಯ ಕಾಗದಗಳಲ್ಲಿ ಅಂತಹ ಒಂದು ಹೆಸರು ಇನ್ನೂ ದೊರೆತಿಲ್ಲ. ಮೊದಲ ಮಳೆ ಬಿದ್ದೊಡನೆ ಅವರ ಲೆಕ್ಕವು ಮುಗಿಯುವುದು. ಮುಂದಿನ ಚಳಿಗಾಲದಲ್ಲಿ ಬೆಂಕಿರೇಖೆಯನ್ನು ಕಡಿಯುವ ಹೊತ್ತಿಗೆ ಅವರನ್ನು ಮತ್ತೆ ಕರೆಯುವರು.